ಸೂಜಿ ಹಿಡಿದವರು ಏನು ಹೇಳಬೇಕಿತ್ತು?

ಬಂದಳಿಕೆಯ ಬಸದಿ ನೋಡಲು ಹೋದವರು ಜಕ್ಕಿಯಬ್ಬೆಯ ಕತೆ ಕೇಳದೆ ಬರುವುದು ಕಡಿಮೆ. ರಾಷ್ಟ್ರಕೂಟರ ಕಾಲದಲ್ಲಿ ಗಂಡ ತೀರಿಕೊಂಡ ಮೇಲೆ ನಾಗರಖಂಡವನ್ನು ಆಳಿದವಳು ಆಕೆ. ರೋಗ ಬಂದಾಗ ಆಡಳಿತವನ್ನು ಮಗಳಿಗೆ ಒಪ್ಪಿಸಿ, ಇಲ್ಲಿಗೆ ಬಂದು ಸಲ್ಲೇಖನದಿಂದ ಪ್ರಾಣ ಬಿಟ್ಟಳೆಂದು ಶಾಸನ ಹೇಳುತ್ತದೆ. ತನ್ನ ಮೈಯ ಸ್ಥಿತಿ ತನಗೆ ಗೊತ್ತಿತ್ತು, ತೀರ್ಮಾನವೂ ತನ್ನದೇ.

ಇದೇ ಸೀಮೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೂ ಜ್ವರ ಬಂತು. ಉಣುಗು ಕಚ್ಚಿ ಬರುವ ಈ ಮಂಗನ ಕಾಯಿಲೆಗೆ ಇಂದಿಗೂ ನಿರ್ದಿಷ್ಟ ಔಷಧವಿಲ್ಲ. ಇದ್ದದ್ದು ಒಂದು ಲಸಿಕೆ: ತಿಂಗಳ ಅಂತರದಲ್ಲಿ ಎರಡು ಡೋಸು, ಕೆಲವು ತಿಂಗಳ ನಂತರ ಬೂಸ್ಟರ್, ಆಮೇಲೆ ವರ್ಷ ವರ್ಷವೂ ಮತ್ತೊಂದು. ನೋವಂತೂ ಹೇಳತೀರದು.

ಆ ಲಸಿಕೆ 2005ರಿಂದ 2010ರವರೆಗೆ ಎಷ್ಟು ಕಾಪಾಡಿತು ಎಂದು ಅಳೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ನಾವು ಅದನ್ನು ಮತ್ತೆ ಓದಿದೆವು. ಎರಡು ಡೋಸಿಗೆ ಶೇ. 62.4, ಬೂಸ್ಟರ್ ಸೇರಿದರೆ ಶೇ. 82.9 ರಕ್ಷಣೆ, ಲಸಿಕೆ ತೆಗೆದುಕೊಂಡವರೇ ಕಡಿಮೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಪ್ರಾಮಾಣಿಕ ಬರಹ. ಆದರೆ ನಮ್ಮನ್ನು ಕಾಡಿದ್ದು ಶೇಕಡಾ ಲೆಕ್ಕಕ್ಕೆ ಸಿಗದ ಸಂಗತಿ. ಅಂಗಳದಲ್ಲಿ ನಿಂತ ಆರೋಗ್ಯ ಸಹಾಯಕಿ ಏನು ಹೇಳಬೇಕಿತ್ತು? "ಅಕ್ಕಾ, ಎರಡೇ ಚುಚ್ಚಿಸಿಕೊಂಡರೆ ಪೂರ್ತಿ ಭರವಸೆ ಇಲ್ಲ, ನೋವಾಗುತ್ತೆ, ಮುಂದಿನ ವರ್ಷವೂ ಬರ್ತೀನಿ" ಎಂದರೆ ಸೌದೆಗೆ ಹೊರಟವಳು ತೋಳು ಚಾಚುತ್ತಾಳೆಯೇ? "ಏನೂ ಆಗಲ್ಲ, ಹಾಕಿಸ್ಕೊಳ್ಳಿ" ಎಂದು ಚುಚ್ಚಿ, ಆಮೇಲೆ ಆ ಮನೆಯಲ್ಲೇ ಜ್ವರ ಬಂದರೆ? ಗುರಿ ಮುಟ್ಟಿಸಬೇಕಾದ ಒತ್ತಡ ಮೇಲಿನಿಂದ, ನೆರೆಹೊರೆಯ ಮುಖ ಎದುರಿಗೆ. ಬೆಂಗಳೂರಿನ ಕಚೇರಿಯಲ್ಲಿ ಕೂತು ಇದನ್ನು 'ಜನಜಾಗೃತಿಯ ಕೊರತೆ' ಎನ್ನುವುದು ಸುಲಭ. ಬಡದೇಶಗಳ ವೈದ್ಯಕೀಯ ನೀತಿಯ ಚರ್ಚೆಯೆಲ್ಲ ವೆಂಟಿಲೇಟರ್ ಯಾರಿಗೆ ಎಂಬಲ್ಲಿಗೇ ನಿಲ್ಲುತ್ತದೆ. ಈ ಅಂಗಳದವರೆಗೆ ಬರುವುದಿಲ್ಲ.

ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ 2018-19ರಲ್ಲಿ ಸಾವುಗಳಾದವು, ಕಾಯಿಲೆಯವರನ್ನು ಘಟ್ಟ ಇಳಿಸಿ ಮಣಿಪಾಲಕ್ಕೆ ಒಯ್ದರು. ಪರಿಣಾಮ ಸಾಲದೆಂದು 2022ರಲ್ಲಿ ಲಸಿಕೆಯೇ ನಿಂತಿತು. ನಿಲ್ಲಿಸಿದ್ದು ಸರಿ ಎಂದೇ ನಮ್ಮ ಅಭಿಪ್ರಾಯ. ಆದರೆ "ಹಾಗಾದರೆ ನಮಗೆ ಇಷ್ಟು ವರ್ಷ ಚುಚ್ಚಿದ್ದು ಏನಮ್ಮಾ?" ಎಂಬ ಪ್ರಶ್ನೆಗೆ ಉತ್ತರಿಸುವ ಹೊಣೆ ಆದೇಶ ಹೊರಡಿಸಿದವರ ಮೇಲೆ ಬೀಳಲಿಲ್ಲ, ಮೈಗೆ ಹಚ್ಚುವ ಎಣ್ಣೆ ಹಂಚಲು ಬಂದವಳ ಮೇಲೆ ಬಿತ್ತು.

ಹೊಸ ಲಸಿಕೆಯ ಕೆಲಸ ನಡೆದಿದೆ. ಅದು ಬಂದ ದಿನ ತಟ್ಟಬೇಕಾದದ್ದು ಅದೇ ಬಾಗಿಲು. ಹಳೆಯದು ಎಷ್ಟು ಕಾಪಾಡಿತು, ಯಾಕೆ ನಿಂತಿತು ಎಂದು ತಿಳಿಸುವ ಕನ್ನಡದ ಒಂದು ಪುಟವನ್ನಾದರೂ ಇಲಾಖೆ ಆಕೆಯ ಚೀಲದಲ್ಲಿಟ್ಟು ಕಳಿಸಲಿ.