ವೇಗಕ್ಕೆ ತೆತ್ತ ನೆರಳು

2024ರ ಜೂನ್‌ನಲ್ಲಿ ನಿಕಾನ್ ಹೊರತಂದ ಝಡ್6 III ಮಿರರ್‌ಲೆಸ್ ಕ್ಯಾಮೆರಾದ ಗುಣದೋಷ ಅಳೆಯಲು ಮೈಸೂರಿನ ಮಂಡಿ ಮೊಹಲ್ಲಾದ ಬೆಳಕು ಸಾಕು. ಹಗಲಲ್ಲಿ ಇಕ್ಕಟ್ಟಾದ ಗಲ್ಲಿಯ ಒಂದು ಗೋಡೆ ಸುಡುಬಿಸಿಲಿನಲ್ಲಿ, ಎದುರಿನ ಅಂಗಡಿಯ ಒಳಗು ಕತ್ತಲಲ್ಲಿ. ರಂಜಾನ್ ತಿಂಗಳ ಸಂಜೆ ಮೀನಾ ಬಜಾರಿನ ತಿಂಡಿ ಮಳಿಗೆಗಳಲ್ಲಿ ಸಾಲು ಎಲ್‌ಇಡಿ ದೀಪ, ಅದರಡಿ ನಿಂತಲ್ಲಿ ನಿಲ್ಲದ ಜನ. ಈ ಕ್ಯಾಮೆರಾದ ವಿನ್ಯಾಸ ಹಗಲಲ್ಲಿ ಕಳೆದುಕೊಂಡಿದ್ದೇ ಬೇರೆ, ಸಂಜೆ ಗಳಿಸಿದ್ದೇ ಬೇರೆ. ವಿಡಿಯೊ ತೆಗೆಯುವವರಿಗೆ ಕೊಟ್ಟ ವೇಗದ ಬೆಲೆಯನ್ನು ಇದು ಹಗಲಲ್ಲಿ ಸ್ಥಿರಚಿತ್ರ ತೆಗೆಯುವವರಿಂದ ವಸೂಲು ಮಾಡುತ್ತದೆ. ಹಾಗಿದ್ದೂ ಈ ಲೆಕ್ಕಾಚಾರ ಸರಿಯೆಂದೇ ನನ್ನ ತೀರ್ಮಾನ. ಅದಕ್ಕೆ ಕಾರಣ ಮೆಕ್ಯಾನಿಕಲ್ ಶಟರನ್ನು ಬಿಟ್ಟುಕೊಡದೆ ಇದ್ದದ್ದು.

ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ. ಓದು ನಿಧಾನವಾದಷ್ಟೂ, ಕ್ಯಾಮೆರಾ ಬೇಗ ತಿರುಗಿಸಿದಾಗ ನೆಟ್ಟಗಿನ ಕಂಬಗಳು ಓರೆಯಾಗುತ್ತವೆ. ಪೂರ್ತಿ ಸ್ಟ್ಯಾಕ್ಡ್ ಸೆನ್ಸರಿನಲ್ಲಿ ವೇಗದ ಸರ್ಕ್ಯೂಟುಗಳು ಪಿಕ್ಸೆಲ್‌ಗಳ ಬೆನ್ನಿಗೇ ಇರುತ್ತವೆ, ಅದು ದುಬಾರಿ. ಝಡ್6 IIIರಲ್ಲಿ ಅವನ್ನು ಚಿತ್ರಭಾಗದ ಮೇಲಂಚು, ಕೆಳಂಚಿನಲ್ಲಿ ಮಾತ್ರ ಕೂರಿಸಿ, ಹಿಂದಿನ ಮಾದರಿಯಾದ ಝಡ್6 IIಕ್ಕಿಂತ ಸುಮಾರು ಮೂರೂವರೆ ಪಟ್ಟು ವೇಗ ಪಡೆದಿದ್ದೇವೆ ಎಂದು ಕಂಪನಿ ಹೇಳುತ್ತದೆ. ಅದಕ್ಕೆ ತೆತ್ತ ಬೆಲೆಯಾಗಿ ಕಡಿಮೆ ಐಎಸ್‌ಒದಲ್ಲಿ ನೆರಳಿನ ನಾಯ್ಸ್ ಹೆಚ್ಚಿದೆ. ಐಎಸ್‌ಒ 100ರಲ್ಲಿ ಡೈನಮಿಕ್ ರೇಂಜ್, ಅಂದರೆ ಕಡುನೆರಳು ಕಡುಬೆಳಕುಗಳನ್ನು ಒಟ್ಟಿಗೆ ಹಿಡಿಯುವ ಶಕ್ತಿ, ಹಳೆಯ ಮಾದರಿಗಿಂತ ಕಡಿಮೆ. ಐಎಸ್‌ಒ 800ರಿಂದಾಚೆ ಆ ಅಂತರ ಬಹುತೇಕ ಅಳಿದುಹೋಗುತ್ತದೆ. ಅಂದರೆ ಸಂಜೆಯ ಮೀನಾ ಬಜಾರಿನಲ್ಲಿ ನಷ್ಟವೇನಿಲ್ಲ, ಪೆಟ್ಟು ಬೀಳುವುದು ಮಧ್ಯಾಹ್ನದ ಗಲ್ಲಿಯಲ್ಲಿ. ಎಕ್ಸ್‌ಪೋಷರ್ ಸ್ವಲ್ಪ ಹೆಚ್ಚಿಟ್ಟರೆ ನೆರಳು ಉಳಿಯುತ್ತದಲ್ಲ ಎನ್ನುವವರಿದ್ದಾರೆ. ಉಳಿಯುತ್ತದೆ, ಆದರೆ ಆಗ ಬಿಸಿಲಿನ ಗೋಡೆ, ಆಕಾಶ, ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳ ಅಂಚು ಬೆಳ್ಳಗೆ ಸುಟ್ಟುಹೋಗುತ್ತವೆ. ಎರಡು ಮೂರು ಎಕ್ಸ್‌ಪೋಷರ್ ತೆಗೆದು ಜೋಡಿಸುವ ಉಪಾಯ ಕಟ್ಟಡಕ್ಕೆ ಒಗ್ಗುತ್ತದೆ. ನಡೆದುಹೋಗುವ ಮನುಷ್ಯನಿಗೆ ಒಗ್ಗದು.

ಹಾಗಾದರೆ ಗಳಿಸಿದ್ದೇನು? ಇಲ್ಲಿ ಪ್ರಚಾರದ ಮಾತನ್ನು ಜರಡಿ ಹಿಡಿಯಬೇಕು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದ್ದಾದ್ದರಿಂದ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಎಲೆಕ್ಟ್ರಾನಿಕ್ ಶಟರ್ ಇಡೀ ಚಿತ್ರ ಓದಿ ಮುಗಿಸುವಷ್ಟರಲ್ಲಿ ಒಂದಕ್ಕಿಂತ ಹೆಚ್ಚು ಮಿನುಗು ಆಗಿಹೋಗಿರುತ್ತದೆ, ಚಿತ್ರದ ಮೇಲೆ ಪಟ್ಟೆಗಳು ಮೂಡುತ್ತವೆ. ಶಟರನ್ನು 1/100 ಸೆಕೆಂಡಿಗೆ ಇಟ್ಟರೆ ಪಟ್ಟೆ ಮಾಯ, ಆದರೆ ಸಮೋಸ ತೆಗೆಯುವ ಕೈ ಅದುರಿದಂತೆ ಕಾಣುತ್ತದೆ. ಅಲ್ಲಿಗೆ ಸದ್ದಿಲ್ಲದ ಈ ಎಲೆಕ್ಟ್ರಾನಿಕ್ ಶಟರಿನ ಆಕರ್ಷಣೆ ಅರ್ಧಕ್ಕಿಳಿಯಿತು. ಈ ಪೇಚಿನಿಂದ ಬಿಡಿಸುವುದು ಹಳೆಯ ಮೆಕ್ಯಾನಿಕಲ್ ಶಟರೇ: ಅದರ ಪರದೆ ಸುಮಾರು 1/200 ಸೆಕೆಂಡಿನಲ್ಲಿ ಸೆನ್ಸರನ್ನು ದಾಟುವುದರಿಂದ ಪಟ್ಟೆಗಳು ಬಹಳ ಕಡಿಮೆ. ಈ ಅರೆ ಸ್ಟ್ಯಾಕ್ಡ್ ಸೆನ್ಸರಿನ ಜೊತೆ ಅದನ್ನೂ ಕಿತ್ತುಹಾಕಿದ್ದರೆ ಈ ಕ್ಯಾಮೆರಾ ನಮ್ಮ ಬೀದಿಗಳಿಗೆ ನಾಲಾಯಕ್ಕಾಗುತ್ತಿತ್ತು. ವೇಗದ ನಿಜವಾದ ಲಾಭ ವಿಡಿಯೊದಲ್ಲಿದೆ. ಮದುವೆಯ ಮೆರವಣಿಗೆಯ ಜೊತೆ ಓಡುತ್ತ ಕ್ಯಾಮೆರಾ ತಿರುಗಿಸಿದಾಗ ಮನೆಗಳ ಬಾಗಿಲು, ಕಂಬ ಅಷ್ಟಾಗಿ ವಾಲುವುದಿಲ್ಲ. ಫೋಟೊ, ವಿಡಿಯೊ ಎರಡನ್ನೂ ಒಂದೇ ಬಾಡಿಯಲ್ಲಿ ಮುಗಿಸುವ ಸಣ್ಣ ಸ್ಟುಡಿಯೊಗೆ ಇದು ದಿನನಿತ್ಯದ ಅನುಕೂಲ.

ಪೂರ್ತಿ ಸ್ಟ್ಯಾಕ್ಡ್ ಸೆನ್ಸರಿನ ಝಡ್8 ಇರುವಾಗ ಈ ಅರೆಬರೆ ಏಕೆ ಎಂಬ ಆಕ್ಷೇಪಕ್ಕೆ ತೂಕವಿದೆ. ಅದರ ಓದು ಮೆಕ್ಯಾನಿಕಲ್ ಶಟರಿಗೆ ಸಮನಾದ ವೇಗದ್ದು, ಅದಕ್ಕೇ ಅಲ್ಲಿ ಆ ಶಟರೇ ಇಲ್ಲ. ಆದರೆ ಅದರ ತೂಕ 910 ಗ್ರಾಂ, ಇದರದ್ದು 760. ಬೆಲೆಯ ಅಂತರ ಇನ್ನೂ ದೊಡ್ಡದು. ಹಗಲಿನ ಬೀದಿ, ಕಟ್ಟಡಗಳನ್ನೇ ತೆಗೆಯುವವರ ಕೈಯಲ್ಲಿ ಝಡ್6 II ಇದ್ದರೆ ಬದಲಿಸಬೇಕಿಲ್ಲ. ನೆರಳಿನ ಆ ನಾಯ್ಸ್ ಸೆನ್ಸರಿನ ರಚನೆಯಲ್ಲೇ ಇರುವುದರಿಂದ ಮುಂದಿನ ಫರ್ಮ್‌ವೇರ್‌ಗೆ ಕಾಯುವುದೂ ವ್ಯರ್ಥ.