ಶಿಶುಕಾವ್ಯದ ಬಾಹ್ಯಾಕಾಶ ಮತ್ತು ಮಳೆನಕ್ಷತ್ರಗಳು

ಕನ್ನಡ ಮೌಖಿಕ ಪರಂಪರೆಯಲ್ಲಿ ಮಗುವಿಗೂ ಆಕಾಶಕ್ಕೂ ಇರುವುದು ನಂಟಸ್ತಿಕೆ. ಚಂದ್ರ ಸೋದರಮಾವ, ತುತ್ತಿನ ನೆಪದಲ್ಲಿ ಅವನು ಅಂಗಳಕ್ಕೆ ಇಳಿದು ಬರಬೇಕು. ಬಾಹ್ಯಾಕಾಶವನ್ನು ವಸ್ತುವಾಗಿಸಿಕೊಂಡ ಆಧುನಿಕ ಶಿಶುಕಾವ್ಯ ಈ ಚಲನೆಯ ದಿಕ್ಕನ್ನೇ ತಿರುಗಿಸಿತು. 1969ರಲ್ಲಿ ಮನುಷ್ಯ ಚಂದ್ರನ ನೆಲ ಮೆಟ್ಟಿದ ತರುವಾಯದ ಪದ್ಯಗಳಲ್ಲಿ ಮಾವನನ್ನು ಕರೆಯುವ ಬದಲು ಮಗುವೇ ರಾಕೆಟ್ಟನ್ನೇರುವುದು ಪರಿಚಿತ ಆಶಯ. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಅವರು ರೂಢಿಸಿದ ಕುಣಿತದ ಲಯ ಮಾತ್ರ ಹಾಗೆಯೇ ಮುಂದುವರಿಯಿತು.

ಇಂತಹ ಬಹುಪಾಲು ರಚನೆಗಳ ದೌರ್ಬಲ್ಯ ವಿಜ್ಞಾನದ ಅಭಾವವಲ್ಲ. ವಿಜ್ಞಾನವು ಪ್ರಾಸಕ್ಕೆ ಹೊಂದಿಸಿದ ಪಾಠವಾಗಿಬಿಡುವುದು. 2006ರಲ್ಲಿ ಪ್ಲೂಟೊ ಗ್ರಹಗಳ ಸಾಲಿನಿಂದ ಹೊರಬಿದ್ದಾಗ ನವಗ್ರಹಗಳ ಪಟ್ಟಿಯನ್ನೇ ನೆಚ್ಚಿದ ಪದ್ಯಗಳು ಹಳೆಯ ಪಠ್ಯದಂತೆ ಬಳಕೆ ತಪ್ಪಬೇಕಾಯಿತು. ಚಂದ್ರನಲ್ಲಿರುವ ಮೊಲಕ್ಕೆ ಆ ಗತಿ ಬರಲಿಲ್ಲ. ಆ ಕಪ್ಪು ಕಲೆಗಳು ಪುರಾತನ ಲಾವಾ ಹೆಪ್ಪುಗಟ್ಟಿದ ಬಯಲುಗಳೆಂದು ತಿಳಿದ ಮೇಲೂ ಮೊಲ ಕಾಣುತ್ತಲೇ ಇದೆ.

ಪದ್ಯಕಾರರ ಕಣ್ಣಿಗೆ ಬೀಳದ ಇನ್ನೊಂದು ಆಕಾಶ ಚಿತ್ರದುರ್ಗದ ಸೀಮೆಯಲ್ಲಿದೆ. ಕೆರೆಗೂ ಅಡಿಕೆಗೂ ಹೆಸರಾದ ಭೀಮಸಮುದ್ರದಂತಹ ಊರುಗಳಲ್ಲಿ ಆಕಾಶವೆಂದರೆ ಮೊದಲಿಗೆ ಮಳೆ. ರೋಹಿಣಿ, ಮೃಗಶಿರ, ಆರಿದ್ರಾ, ಹುಬ್ಬೆ, ಉತ್ತರೆ ಎಂದು ರೈತರು ಮಳೆಗಳನ್ನು ಎಣಿಸುತ್ತಾರೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವುದು ಸುಮಾರು ಹದಿಮೂರು-ಹದಿನಾಲ್ಕು ದಿನ. ಆರಿದ್ರಾ ಮಳೆಗೆ ಹೆಸರು ಕೊಟ್ಟ ಕೆಂಪು ಚುಕ್ಕಿ ಆ ದಿನಗಳಲ್ಲಿ ಸೂರ್ಯನ ಪ್ರಭೆಯೊಳಗೆ ಅಡಗಿರುತ್ತದೆ. ಕಣ್ಣಿಗೆ ಕಾಣದ ನಕ್ಷತ್ರದ ಹೆಸರು ಹಿಡಿದು ಹೊಲಕ್ಕೆ ಇಳಿಯುವ ಜ್ಞಾನವಿದು! ಒಂದು ಮಗುವನ್ನು ಬೆರಗುಗೊಳಿಸಲು ಇದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ. ಆದರೆ ಶಿಶುಕಾವ್ಯದ ರಾಕೆಟ್ಟು ಈ ನಕ್ಷತ್ರಗಳ ಹತ್ತಿರ ಸುಳಿಯುವುದು ಅಪರೂಪ. ಮಳೆಯ ಲೆಕ್ಕ ಹೇಳುವ ಹಿರಿಯರ ಮಾತು ಮಕ್ಕಳ ಕಿವಿಯಿಂದ ದೂರವಾಗುತ್ತಿರುವಾಗ ಈ ಮೌನ ಸಣ್ಣ ಸಂಗತಿಯಲ್ಲ.

ರಾಕೆಟ್ಟು ದೂರದ ಮಾತೆಂಬ ಸಬೂಬೂ ಈ ಜಿಲ್ಲೆಯಲ್ಲಿ ನಿಲ್ಲದು. ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೊ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು 2023ರ ಏಪ್ರಿಲ್‌ನಲ್ಲಿ ಮೊದಲ ಬಾರಿ ಇಳಿಸಿತು; 2024ರಲ್ಲಿ ಮತ್ತೆರಡು ಬಾರಿ. ಅದರ ಹೆಸರು ಪುಷ್ಪಕ್. ಕಥೆಯ ವಿಮಾನವನ್ನು ನೆನೆಯಲು ವಿಜ್ಞಾನಿಗಳಿಗೆ ಸಂಕೋಚವಿರಲಿಲ್ಲ. ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಕೈಬಿಟ್ಟ ಆ ವಾಹನ ತಾನೇ ದಾರಿ ಹಿಡಿದು ಓಡುಪಥಕ್ಕೆ ಇಳಿಯಿತು. ಮೂರನೆಯ ಪ್ರಯೋಗ ನಡೆದದ್ದು ಜೂನ್ 23ರ ಬೆಳಗ್ಗೆ. ಪಂಚಾಂಗದ ಲೆಕ್ಕದಲ್ಲಿ ಆರಿದ್ರಾ ಮಳೆ ಹುಟ್ಟಿ ಆಗಿನ್ನೂ ಎರಡು ದಿನ ತುಂಬಿರಲಿಲ್ಲ.