ಅರ್ಧ ಬಂಡವಾಳದ ನೀತಿ: ಭಾರತದ ಅರೆವಾಹಕ ನೆರವಿನ ವಿಮರ್ಶೆ

ಸಿಲಿಕಾನ್‌ನ ತೆಳುಬಿಲ್ಲೆಗಳ, ಅಂದರೆ ವೇಫರ್‌ಗಳ, ಮೇಲೆ ಚಿಪ್‌ಗಳನ್ನು ರೂಪಿಸುವ ಕಾರ್ಖಾನೆಗೆ ಫ್ಯಾಬ್ ಎಂದು ಹೆಸರು. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಘೋಷಿಸಿದ 76,000 ಕೋಟಿ ರೂಪಾಯಿಗಳ ಅರೆವಾಹಕ ಕಾರ್ಯಕ್ರಮವು 28 ನ್ಯಾನೋಮೀಟರ್ ಹಾಗೂ ಅದಕ್ಕಿಂತ ಸೂಕ್ಷ್ಮ ತಂತ್ರಜ್ಞಾನದ ಫ್ಯಾಬ್‌ಗಳಿಗೆ ಮಾತ್ರ ವೆಚ್ಚದ ಅರ್ಧದವರೆಗಿನ ನೆರವನ್ನು ಮೀಸಲಿಟ್ಟಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಆ ಭೇದವನ್ನು ಅಳಿಸಿ ಎಲ್ಲ ಫ್ಯಾಬ್‌ಗಳಿಗೂ ಶೇ. 50ರ ದರವನ್ನೇ ನಿಗದಿಪಡಿಸಲಾಯಿತು. ವಾಹನಗಳಿಗೂ ವಿದ್ಯುತ್ ಮೀಟರುಗಳಿಗೂ ಪಳಗಿದ ತಂತ್ರಜ್ಞಾನದ ಚಿಪ್‌ಗಳೇ ಸಾಕಾಗುವುದರಿಂದ ಈ ತಿದ್ದುಪಡಿ ವಿವೇಕದ್ದೇ. ಆದರೆ ಬೇರೆಡೆ ತಯಾರಾದ ಚಿಪ್‌ಗಳನ್ನು ಕತ್ತರಿಸಿ, ಕವಚ ತೊಡಿಸಿ, ಪರೀಕ್ಷಿಸುವ ಪ್ಯಾಕೇಜಿಂಗ್ ಘಟಕಗಳ ನೆರವನ್ನೂ ಆಗಲೇ ಶೇ. 30ರಿಂದ 50ಕ್ಕೆ ಏರಿಸಿದ್ದನ್ನು ಒಪ್ಪುವುದು ಕಷ್ಟ. ಗುಜರಾತಿನ ಸಾಣಂದ್‌ನಲ್ಲಿ ಮೈಕ್ರಾನ್ ಕಂಪನಿಯ 275 ಕೋಟಿ ಡಾಲರ್ ಮೊತ್ತದ ಇಂಥ ಘಟಕಕ್ಕೆ ಕೇಂದ್ರದಿಂದ ಶೇ. 50, ರಾಜ್ಯದಿಂದ ಶೇ. 20 ನೆರವು ಗೊತ್ತಾಗಿದ್ದು, ಕಂಪನಿಯ ಪಾಲು 82.5 ಕೋಟಿ ಡಾಲರ್ ಮೀರುವುದಿಲ್ಲ. ಹೊರೆಯ ಬಹುಪಾಲನ್ನು ಜನರ ಹಣ ಹೊರುವಾಗ ಚಿಪ್ಪಿನ ವಿನ್ಯಾಸವೂ ಒಡೆತನವೂ ಹೊರಗೇ ಉಳಿಯುತ್ತವೆ.

ಹಣ ಒಮ್ಮೆ ಸುರಿದರೆ ಸಾಲದೆಂಬುದಕ್ಕೆ ಮೊಹಾಲಿಯೇ ಸಾಕ್ಷಿ. 1980ರ ದಶಕದಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿನ ಸರ್ಕಾರಿ ಚಿಪ್ ಕಾರ್ಖಾನೆ 1989ರ ಬೆಂಕಿಯಲ್ಲಿ ಸುಟ್ಟಿತು; ಮತ್ತೆ ಎದ್ದು ನಿಂತರೂ, ಜಗತ್ತು ಹತ್ತು ನ್ಯಾನೋಮೀಟರಿಗಿಂತ ಕೆಳಗಿಳಿದ ಮೇಲೂ ಅದು 180 ನ್ಯಾನೋಮೀಟರಿನಲ್ಲೇ ನಿಂತಿದೆ. ಫ್ಯಾಬ್ ಎಂಬುದು ಕೆಲವೇ ವರ್ಷಗಳಿಗೊಮ್ಮೆ ಹೊಸ ಯಂತ್ರಗಳನ್ನು ಬೇಡುವ ಉದ್ಯಮವಾಗಿದ್ದರೂ, ಈಗಿನ ನೆರವು ಬಹುಮಟ್ಟಿಗೆ ಮೊದಲ ಬಂಡವಾಳವನ್ನಷ್ಟೇ ನೋಡುತ್ತದೆ.

ನೀತಿಯ ದೊಡ್ಡ ಕೊರತೆ ಇರುವುದು ವಿನ್ಯಾಸದಲ್ಲಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಂದಿನಿಂದ ಬೆಂಗಳೂರು ಚಿಪ್ ವಿನ್ಯಾಸದ ಪಳಗಿದ ನೆಲವಾಗಿದೆ, ಆದರೆ ಇಲ್ಲಿನ ಎಂಜಿನಿಯರುಗಳು ಬಿಡಿಸಿದ ನಕ್ಷೆಗಳ ಹಕ್ಕು ಹೆಚ್ಚಾಗಿ ವಿದೇಶಿ ಕಂಪನಿಗಳದ್ದು. ಆ ಹಕ್ಕು ದೇಶೀಯ ಸಂಸ್ಥೆಗಳ ಕೈಸೇರಲೆಂದು ರೂಪಿಸಿದ ವಿನ್ಯಾಸ ಪ್ರೋತ್ಸಾಹ ಯೋಜನೆಗೆ ದೊರೆತದ್ದು ಸುಮಾರು 1,000 ಕೋಟಿ ರೂಪಾಯಿ. ಅದರಲ್ಲಿ ವಿನ್ಯಾಸ ವೆಚ್ಚದ ಅರ್ಧವನ್ನು ಮರಳಿಸುವ ಭಾಗಕ್ಕೆ ಅರ್ಜಿಯೊಂದಕ್ಕೆ 15 ಕೋಟಿಯ ಮಿತಿಯಿದೆ, ಅತಿಸೂಕ್ಷ್ಮ ಚಿಪ್ಪೊಂದರ ಮೊದಲ ಮಾದರಿಯ ಖರ್ಚೇ ಅದನ್ನು ನುಂಗಿಬಿಡಬಲ್ಲದು. ಈ ಕೊರತೆ ಫ್ಯಾಬ್‌ಗಳನ್ನೂ ತಟ್ಟುತ್ತದೆ. ತೈವಾನಿನ ಪಿಎಸ್‌ಎಂಸಿ ಕಂಪನಿಯ ಸಹಯೋಗದಲ್ಲಿ ಗುಜರಾತಿನ ಧೋಲೇರಾದಲ್ಲಿ ಟಾಟಾ ಸಂಸ್ಥೆ 91,000 ಕೋಟಿ ರೂಪಾಯಿ ವೆಚ್ಚದಲ್ಲಿ ಕಟ್ಟುತ್ತಿರುವ ಫ್ಯಾಬ್ ತಿಂಗಳಿಗೆ 50,000 ವೇಫರ್‌ಗಳ ಸಾಮರ್ಥ್ಯದ್ದು. ದೇಶೀಯ ವಿನ್ಯಾಸಗಳು ಸಾಕಷ್ಟು ಸಿದ್ಧವಿಲ್ಲದಿದ್ದರೆ ಅದು ಹೊರಗಿನ ಗಿರಾಕಿಗಳ ಬೇಡಿಕೆಯನ್ನೇ ನೆಚ್ಚಿಕೊಂಡು, ತೈವಾನ್ ಮತ್ತು ಚೀನಾದ ಅನುಭವಿ ಫ್ಯಾಬ್‌ಗಳೊಡನೆ ಬೆಲೆಯಲ್ಲಿ ಸೆಣಸಬೇಕಾಗುತ್ತದೆ.